ರೋವರ್ಸ್ ಕಪ್ ಗೆದ್ದ ಬೆಂಗಳೂರಿನ ತಂಡ

ಗೆದ್ದರೆ ಮುಂದಿನ ಸುತ್ತು, ಸೋತರೆ ಮನೆ. ನಾಕೌಟ್ ಪಂದ್ಯಾವಳಿಯ ನಿಯಮ ಇಷ್ಟೇ. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾಯಿತು. ಮೊದಲ ಕಪ್ ಬ್ರಿಟಿಷ್ ಸೇನೆಯ ವೂಸ್ಟರ್ ರೆಜಿಮೆಂಟಿನ ಪಾಲಾಯಿತು. ಮುಂದೆ ನಾಲ್ಕು ದಶಕ ಕಳೆದರೂ ಅದು ಭಾರತೀಯರ ಕೈಗೆ ಬರಲಿಲ್ಲ. 1923ರಲ್ಲಿ ಮೋಹನ್ ಬಾಗಾನ್ ಫೈನಲ್ ತಲುಪಿತಾದರೂ ಡರ್ಹ್ಯಾಮ್ ಲೈಟ್ ಇನ್‌ಫೆಂಟ್ರಿಗೆ ಸೋತಿತು.

ಈ ಸರಪಳಿ ಕಡಿದದ್ದು ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ. 1937ರ ಫೈನಲ್‌ನಲ್ಲಿ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಮಣಿಸಿ, ಈ ಕಪ್ ಗೆದ್ದ ಮೊದಲ ಭಾರತೀಯ ತಂಡವಾಯಿತು. ಮರುವರ್ಷವೂ ಗೆದ್ದಿತು. 1948ರಲ್ಲಿ ಮತ್ತೊಮ್ಮೆ ಗೆದ್ದಿತು.

ಆಮೇಲಿನ ಕಾಲ ಹೈದರಾಬಾದಿನದು. ಸೈಯದ್ ಅಬ್ದುಲ್ ರಹೀಮ್ ಅವರು ತರಬೇತಿ ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ 5 ಬಾರಿ ಕಪ್ ಎತ್ತಿತು. ಇದೇ ರಹೀಮ್ ಸಾಹೇಬರ ತರಬೇತಿಯಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು.

ರಾಷ್ಟ್ರೀಯ ಲೀಗ್ ಬಂದ ಮೇಲೆ ಇಂಥ ಕಪ್‌ಗಳ ಕಳೆ ಕುಂದಿತು. 2000-01ರ ನಂತರ ರೋವರ್ಸ್ ಕಪ್ ನಿಂತೇಹೋಯಿತು.

ಸೊಲ್ಲಾಪುರ, ಅಕ್ಕಲಕೋಟೆ ಕಡೆಯಿಂದ ಮುಂಬಯಿಗೆ ದುಡಿಯಲು ಹೋದವರಲ್ಲಿ ಕೂಪರೇಜ್ ಮೈದಾನದ ಆಟ ಕಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಅವರ ನೆನಪುಗಳನ್ನು ಈಗಲೇ ಕೇಳಿ ಬರೆದಿಡೋಣ.