ಗೌನ್ ತೊಟ್ಟ ಫೋಟೊ, ‘ಮನೋವೈದ್ಯೆ ಆದಳು’ ಎಂಬ ಫಾರ್ವರ್ಡ್: ಕೌನ್ಸೆಲಿಂಗ್ ಓದಿದವರು ನಿಜಕ್ಕೂ ಏನಾಗಿರುತ್ತಾರೆ?

ಪದವಿ ಪ್ರದಾನದ ಕಾಲ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಗೌನ್ ತೊಟ್ಟ ಫೋಟೊಗಳದ್ದೇ ಸಂಭ್ರಮ. ನಂಜನಗೂಡಿನಿಂದ ರೈಲು ಹಿಡಿದು, ತಿ. ನರಸೀಪುರದಿಂದ ಬಸ್ಸು ಹತ್ತಿ ಮೈಸೂರಿಗೆ ಓಡಾಡಿ ಓದಿದ ಮಕ್ಕಳ ಮನೆಯವರಿಗೆ ಅದು ಸಣ್ಣ ಸಂತೋಷವಲ್ಲ. ಓದಿದ್ದು ಆಪ್ತಸಮಾಲೋಚನೆ, ಅಂದರೆ ಕೌನ್ಸೆಲಿಂಗ್ ಆಗಿದ್ದರೆ ಫೋಟೊದ ಕೆಳಗೆ ಇಂಥ ಸಾಲು ಸೇರಿಕೊಳ್ಳುವುದುಂಟು: “ನಮ್ಮೂರ ಹುಡುಗಿ ಈಗ ಮನೋವೈದ್ಯೆ. ಯಾರಿಗೆ ಏನೇ ಸಮಸ್ಯೆ ಇದ್ದರೂ ಫೋನ್ ಮಾಡಿ.”

ಅಭಿಮಾನ ಸರಿ, ಮಾಹಿತಿ ತಪ್ಪು. ಈ ತಪ್ಪಿನಿಂದ ಕಾಯಿಲೆಯವರಿಗೂ ತೊಂದರೆ, ಓದಿ ಬಂದ ಹುಡುಗಿಗೂ ತೊಂದರೆ.

ಮೂವರು ಬೇರೆ ಬೇರೆ

ಮನೋವೈದ್ಯರು ಎಂಬಿಬಿಎಸ್ ಮುಗಿಸಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮಾಡಿದ ಡಾಕ್ಟರುಗಳು. ಔಷಧಿ ಬರೆದುಕೊಡುವವರು ಇವರು.

ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮನೋವಿಜ್ಞಾನ ಓದಿ, ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಪಡೆದವರು. ಪರಿಷತ್ತಿನ ನೋಂದಣಿ ಪಟ್ಟಿಯಲ್ಲಿ ಅವರ ಹೆಸರು ಇರಬೇಕು. ಮಾನಸಿಕ ಪರೀಕ್ಷೆಗಳು, ಮನೋಚಿಕಿತ್ಸೆ ಇವರ ಕೆಲಸ.

ಆಪ್ತಸಮಾಲೋಚಕರು ಪರೀಕ್ಷೆಯ ಭಯ, ದಾಂಪತ್ಯದ ಬಿರುಕು, ಸಾವಿನ ದುಃಖದಂಥ ಸಂಕಟಗಳಲ್ಲಿ ಜನರ ಜೊತೆ ಕೂತು ದಾರಿ ಹುಡುಕಲು ನೆರವಾಗುವವರು. 2021ರಲ್ಲಿ ಬಂದ ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ ಇವರ ವೃತ್ತಿಯೂ ಸೇರಿದೆ. ಕೆಲವರು ಎರಡು ವರ್ಷದ ಸ್ನಾತಕೋತ್ತರ ಪದವಿ ಪಡೆದಿರುತ್ತಾರೆ, ಕೆಲವರು ಕೆಲವೇ ವಾರಗಳ ತರಬೇತಿ ಮುಗಿಸಿರುತ್ತಾರೆ. ಆದ್ದರಿಂದ ‘ಏನು ಓದಿದ್ದೀರಿ, ಎಲ್ಲಿ ಓದಿದ್ದೀರಿ?’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಚಿಕ್ಕ ತರಬೇತಿಯೆಲ್ಲ ಮೋಸವೆಂದಲ್ಲ. ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ, 2024ರ ಪದ್ಮಶ್ರೀ ಪುರಸ್ಕೃತ ಡಾ. ಸಿ.ಆರ್. ಚಂದ್ರಶೇಖರ್ ಬೆಂಗಳೂರಿನ ‘ಸಮಾಧಾನ’ ಕೇಂದ್ರದಲ್ಲಿ ಉಚಿತ ಆಪ್ತಸಮಾಲೋಚನೆಯ ಜೊತೆಗೆ ಆಸಕ್ತರಿಗೆ ತರಬೇತಿಯನ್ನೂ ಕೊಡುತ್ತ ಬಂದವರು. ಕಲಿತವರಿಗೆ ತಮ್ಮ ಮಿತಿ ಗೊತ್ತಿರಬೇಕು, ಅಷ್ಟೆ.

ಬುದ್ಧಿ ಹೇಳುವುದಕ್ಕೆ ಪದವಿ ಬೇಕೆ?

ಬೇಡ. ಬುದ್ಧಿ ಹೇಳಲು ನಮ್ಮ ಜಗಲಿಕಟ್ಟೆಗಳಲ್ಲಿ ಎಂದೂ ಜನರ ಕೊರತೆ ಇರಲಿಲ್ಲ. ಕೌನ್ಸೆಲಿಂಗ್ ವಿದ್ಯಾರ್ಥಿ ಮೊದಲು ಕಲಿಯಬೇಕಾದದ್ದು ಬುದ್ಧಿ ಹೇಳದೆ ಕೇಳಿಸಿಕೊಳ್ಳುವುದನ್ನು. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಚಿಕಿತ್ಸೆ ಫಲಿಸಬೇಕಾದರೆ ಚಿಕಿತ್ಸಕರಲ್ಲಿ ಮೂರು ಗುಣ ಇರಬೇಕೆಂದರು: ಒಳಗೊಂದು ಹೊರಗೊಂದು ಇಲ್ಲದ ಪ್ರಾಮಾಣಿಕತೆ, ಎದುರಿಗಿರುವವರನ್ನು ಷರತ್ತಿಲ್ಲದೆ ಗೌರವಿಸುವುದು, ಅವರ ಜಾಗದಲ್ಲಿ ನಿಂತು ನೋಡುವುದು.

ಇವು ಬರೀ ಒಳ್ಳೆಯ ಮಾತುಗಳಲ್ಲ. 2018ರಲ್ಲಿ 295 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವಿಶ್ಲೇಷಣೆಯೊಂದು ಪ್ರಕಟವಾಯಿತು. ಚಿಕಿತ್ಸಕರಿಗೂ ನೆರವು ಕೇಳಿ ಬಂದವರಿಗೂ ನಡುವಿನ ಬಾಂಧವ್ಯ ಚೆನ್ನಾಗಿದ್ದಷ್ಟೂ ಫಲಿತಾಂಶ ಉತ್ತಮವಾಗಿರುವ ಸಂಭವ ಹೆಚ್ಚು ಎಂದು ಅದು ತೋರಿಸಿತು.

ತನ್ನನ್ನೇ ಓದುವ ಪಾಠ

ಈ ಗುಣಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯಬಹುದು, ಬದುಕಿನಲ್ಲಿ ತರುವುದು ಕಷ್ಟ. ಕುಡುಕ ತಂದೆಯ ಮನೆಯಲ್ಲಿ ಬೆಳೆದ ಹುಡುಗನೊಬ್ಬ ಕೌನ್ಸೆಲಿಂಗ್ ಓದುತ್ತಿದ್ದಾನೆ ಎಂದುಕೊಳ್ಳಿ. ಎದುರಿಗೆ ಬಂದು ಕೂತವನೂ ಕುಡುಕನೇ. ಹುಡುಗನಿಗೆ ಕಾಣುವುದು ಆ ಮನುಷ್ಯನೋ, ತನ್ನ ತಂದೆಯೋ? ಇದನ್ನು ಬೇರ್ಪಡಿಸಿ ನೋಡಲು ಬಾರದಿದ್ದರೆ ಪಠ್ಯವೆಲ್ಲ ವ್ಯರ್ಥ.

ಅದಕ್ಕಾಗಿಯೇ 1920ರ ದಶಕದಲ್ಲಿ ಯುರೋಪಿನ ಮನೋವಿಶ್ಲೇಷಕರು ಒಂದು ನಿಯಮ ತಂದರು: ಈ ವಿದ್ಯೆ ಕಲಿಯುವವನು ಮೊದಲು ತಾನೇ ವಿಶ್ಲೇಷಣೆಗೆ ಒಳಗಾಗಬೇಕು. ಇಂದು ಎಲ್ಲ ಕೋರ್ಸುಗಳಲ್ಲೂ ಆ ಕಡ್ಡಾಯ ಇಲ್ಲ. ಆದರೆ ಒಳ್ಳೆಯ ತರಬೇತಿಯಲ್ಲಿ ದಿನಚರಿ ಬರೆಸುತ್ತಾರೆ, ಗುಂಪಿನಲ್ಲಿ ಮಾತನಾಡಿಸುತ್ತಾರೆ, ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿಸುತ್ತಾರೆ. ಸ್ವತಃ ಚಿಕಿತ್ಸೆ ಪಡೆದ ಚಿಕಿತ್ಸಕರಲ್ಲಿ ಹೆಚ್ಚಿನವರು ಅದರಿಂದ ತಮಗೆ ಲಾಭವಾಯಿತು ಎನ್ನುತ್ತಾರೆ. ಆದರೆ ಅದೊಂದರಿಂದಲೇ ಅವರ ಬಳಿ ಬಂದವರು ಬೇಗ ಗುಣವಾಗುತ್ತಾರೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ.

‘ಓದಿದ ಮೇಲೆ ಅವರಿಗೆ ಬೇಸರವೇ ಇರಲ್ಲ’

ಇದು ಇನ್ನೊಂದು ಸುಳ್ಳು. ಪುರಾಣದಲ್ಲಿ ವಿಷ ಉಂಡು ಜಗತ್ತನ್ನು ಕಾಪಾಡಿದವನು ನಂಜುಂಡೇಶ್ವರ. ಆಪ್ತಸಮಾಲೋಚಕರು ದೇವರಲ್ಲ. ಊರಿನ ನಂಜನ್ನೆಲ್ಲ ನುಂಗಿಕೊಂಡು ಕೂತರೆ ಅವರೂ ಕುಸಿಯುತ್ತಾರೆ. ‘ಇದು ನನ್ನ ಕೈಮೀರಿದ್ದು, ಡಾಕ್ಟರರಿಗೆ ತೋರಿಸೋಣ’ ಎಂದು ಹೇಳಲು, ತಮಗೆ ಭಾರವಾದಾಗ ಮೇಲ್ವಿಚಾರಕರ ಬಳಿ ಹೋಗಲು ಕಲಿತಿದ್ದರೆ ಅದೇ ಅವರ ನಿಜವಾದ ಬೆಳವಣಿಗೆ.

ಸಣ್ಣ ಊರುಗಳಲ್ಲಿ ಇನ್ನೂ ಒಂದು ಪರೀಕ್ಷೆ ಇದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲೋ ತಿ. ನರಸೀಪುರದ ಬಸ್ ನಿಲ್ದಾಣದಲ್ಲೋ ನೆರವು ಪಡೆದವರು ಎದುರಾದರೆ, ಅವರಾಗಿ ಮಾತನಾಡಿಸುವವರೆಗೆ ಆಪ್ತಸಮಾಲೋಚಕರು ಸುಮ್ಮನಿರುವುದು ವೃತ್ತಿಯ ಮರ್ಯಾದೆ. ಅದು ಗರ್ವವಲ್ಲ, ಗುಟ್ಟು ಕಾಯುವ ರೀತಿ. ಕಾನೂನೂ ಇದನ್ನೇ ಹೇಳುತ್ತದೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯವಾಗಿರುವುದು ಮಾನಸಿಕ ಕಾಯಿಲೆ ಇರುವವರ ಹಕ್ಕು. ಜೀವಕ್ಕೆ ಅಪಾಯವಿದೆ ಎಂಬಂಥ ಕೆಲವು ಸಂದರ್ಭಗಳಿಗಷ್ಟೇ ವಿನಾಯಿತಿ. ಇನ್ನು ಸ್ವಂತ ಚಿಕ್ಕಮ್ಮನಿಗೋ ಭಾವನಿಗೋ ತಾವೇ ಕೌನ್ಸೆಲಿಂಗ್ ಮಾಡಬಾರದು. ‘ಮನೆಯಲ್ಲೇ ಒಬ್ಬಳಿದ್ದಾಳಲ್ಲ’ ಎಂದು ನೆಂಟರೆಲ್ಲ ಅವಳನ್ನೇ ಕೇಳುವುದು ಸರಿಯಲ್ಲ.

ಇಂಥವರು ನಮಗೇಕೆ ಬೇಕು?

ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ 1924ರಲ್ಲೇ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ಆರಂಭಿಸಿದವರು. ವಿದ್ಯೆ ಇಷ್ಟು ಹತ್ತಿರದಲ್ಲಿದ್ದರೂ ನೆರವು ಎಲ್ಲರಿಗೂ ಮುಟ್ಟಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ವಯಸ್ಕರಲ್ಲಿ ಶೇ 10.6 ಮಂದಿಗೆ ಮಾನಸಿಕ ಕಾಯಿಲೆ ಇತ್ತು. ಬಹುತೇಕ ಕಾಯಿಲೆಗಳಲ್ಲಿ ಶೇ 70ಕ್ಕಿಂತ ಹೆಚ್ಚು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ.

ಹಾಗಾದರೆ ಫಾರ್ವರ್ಡ್‌ನಲ್ಲಿ ಏನಿರಲಿ?

ಅಭಿನಂದನೆ ಖಂಡಿತ ಇರಲಿ. ‘ಮನೋವೈದ್ಯೆ’ ಎನ್ನುವ ಕಡೆ ‘ಆಪ್ತಸಮಾಲೋಚಕಿ’ ಎಂದು ಬರೆಯಿರಿ. ಅವಳನ್ನು ಕೇಳದೆ ಅವಳ ಫೋನ್ ನಂಬರ್ ಹಂಚಬೇಡಿ.

ನಂಬರ್ ಹಾಕಲೇಬೇಕೆಂದರೆ 14416 ಹಾಕಿ. ಇದು ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆಯೂ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ.

ಯಾರಾದರೂ ಸಾಯುವ ಮಾತಾಡುತ್ತಿದ್ದರೆ, ಇಲ್ಲದ ದನಿ ಕೇಳಿಸುತ್ತಿದೆ ಎನ್ನುತ್ತಿದ್ದರೆ, ದಿನಗಟ್ಟಲೆ ನಿದ್ದೆ, ಊಟ ಬಿಟ್ಟಿದ್ದರೆ ಫಾರ್ವರ್ಡ್ ನೋಡುತ್ತ ಕೂರಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.