ಲೀಸೋ, ಕ್ರಯವೋ: ತೋರಣಗಲ್ಲಿನ ಕರಾರು ಹೇಳುವುದೇನು?

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಜಮೀನು ಮೂರು ಸರ್ಕಾರಗಳನ್ನು ಕಾಡಿದೆ. ಸಂಡೂರು ತಾಲ್ಲೂಕಿನ 3,667 ಎಕರೆಯನ್ನು ಜೆಎಸ್‌ಡಬ್ಲ್ಯು ಕಂಪನಿಗೆ ಕ್ರಯ ಮಾಡಿಕೊಡಲು 2019ರಲ್ಲಿ ಆಗಿನ ಸಂಪುಟ ಒಪ್ಪಿದಾಗ ವಿರೋಧ ಪಕ್ಷ ಅಹೋರಾತ್ರಿ ಧರಣಿ ಕೂತಿತು. ಅದೇ ಪಕ್ಷ ಅಧಿಕಾರಕ್ಕೆ ಬಂದು 2021ರ ಏಪ್ರಿಲ್‌ನಲ್ಲಿ ತಾನೇ ಒಪ್ಪಿಗೆ ಕೊಟ್ಟಿತು, ಸ್ವಂತ ಶಾಸಕರೇ ತಕರಾರು ತೆಗೆದದ್ದರಿಂದ ಮರು ತಿಂಗಳೇ ತಡೆಹಿಡಿಯಿತು. 2024ರ ಆಗಸ್ಟ್‌ನಲ್ಲಿ ಇನ್ನೊಂದು ಸಂಪುಟ ಮತ್ತೆ ಹೂಂ ಎಂದಿತು. ಲೀಸ್‌ಗೆ ಕೊಟ್ಟ ಭೂಮಿಯನ್ನು ಮಾರುವುದೇಕೆ ಎಂಬುದು ಒಂದು ಕಡೆಯ ಪ್ರಶ್ನೆ. ಮಾರುವ ಮಾತು ಎಂದೋ ಮುಗಿದಿದೆ, ಪತ್ರವಷ್ಟೇ ಬಾಕಿ ಎಂಬುದು ಇನ್ನೊಂದು ಕಡೆಯ ಉತ್ತರ. ಎರಡೂ ಅರ್ಧ ಸರಿ. 2006 ಮತ್ತು 2007ರಲ್ಲಿ ಆದದ್ದು ಬರೀ ಲೀಸ್ ಅಲ್ಲ, ‘ಲೀಸ್-ಕಮ್-ಸೇಲ್’ ಕರಾರು. ಜಗಳವೆಲ್ಲ ಆ ನಡುವಿನ ಎರಡಕ್ಷರದಲ್ಲೇ ಇದೆ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಕಲಮಿನ ಪ್ರಕಾರ ಲೀಸ್ ಎಂದರೆ ಅನುಭವಿಸುವ ಹಕ್ಕನ್ನು ಬಿಟ್ಟುಕೊಡುವುದು. ಮಾಲೀಕತ್ವ ಕೊಟ್ಟವನಲ್ಲೇ ಉಳಿಯುತ್ತದೆ. 54ನೇ ಕಲಮಿನ ಸೇಲ್‌ನಲ್ಲಿ ಮಾಲೀಕತ್ವವೇ ಕೈ ಬದಲಿಸುತ್ತದೆ. ಮಾರುತ್ತೇನೆಂಬ ಒಪ್ಪಂದದಿಂದಲೇ ಸ್ವತ್ತಿನ ಮೇಲೆ ಹಕ್ಕು ಹುಟ್ಟುವುದಿಲ್ಲ ಎಂದೂ ಅದೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಲೀಸ್-ಕಮ್-ಸೇಲ್ ಇವೆರಡನ್ನೂ ಒಂದೇ ಕಾಗದದಲ್ಲಿ ಹೆಣೆಯುತ್ತದೆ: ಈಗ ಅನುಭವಿಸು, ಹೇಳಿದ ಷರತ್ತು ಪೂರೈಸು, ಆಮೇಲೆ ಕ್ರಯಪತ್ರ. ಬೆಂಗಳೂರಿನ ಬಿಡಿಎ ನಿವೇಶನ ಪಡೆದವರಿಗೂ ಕೈಗಾರಿಕಾ ಪ್ರದೇಶದಲ್ಲಿ ಜಾಗ ಪಡೆದವರಿಗೂ ಈ ಪದ್ಧತಿ ಹೊಸದಲ್ಲ. ಅಂದಮೇಲೆ ಕ್ರಯಪತ್ರ ನೋಂದಣಿ ಆಗುವವರೆಗೆ ಜಮೀನು ಸರ್ಕಾರದ್ದೇ. ಆದರೆ ಕೊಟ್ಟ ಮಾತಿನಿಂದ ಸರ್ಕಾರ ಪೂರ್ತಿ ಬಿಡುಗಡೆ ಹೊಂದಿದೆ ಎಂದೂ ಅಲ್ಲ. ಷರತ್ತು ಪೂರೈಸಿದವನು ಕರಾರು ಜಾರಿ ಮಾಡಿಕೊಡಿ ಎಂದು ನ್ಯಾಯಾಲಯದ ಮೆಟ್ಟಿಲು ಹತ್ತಬಹುದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಇರುವುದು ಅದಕ್ಕೇ. ತೋರಣಗಲ್ಲು, ಕುರೆಕುಪ್ಪದ 2,000 ಎಕರೆಗೆ ಎಕರೆಗೆ 1.22 ಲಕ್ಷ ರೂಪಾಯಿ, ಉಳಿದ 1,667 ಎಕರೆಗೆ ಒಂದೂವರೆ ಲಕ್ಷ ಎಂಬ ದರ ಇಂದಿನ ಕಣ್ಣಿಗೆ ಅಗ್ಗ ಕಂಡರೆ ಸಿಟ್ಟು ಬರುವುದು ಸಹಜ. ಆ ಸಿಟ್ಟು ತಿರುಗಬೇಕಾದದ್ದು ಕರಾರು ಬರೆದ ದಿನದತ್ತ. ಮಾರುವ ಮಾತು ಅಂದೇ ಕಾಗದಕ್ಕೆ ಇಳಿದಿತ್ತು.

ಇದೆಲ್ಲ ಇಂಗ್ಲಿಷಿನ ಕಾಟ, ಕನ್ನಡದಲ್ಲಿ ಬರೆದಿದ್ದರೆ ಜನ ಮೋಸಹೋಗುತ್ತಿರಲಿಲ್ಲ ಎನ್ನುವವರಿದ್ದಾರೆ. ಕನ್ನಡದಲ್ಲಿ ಬರೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ, ಆದರೆ ಅಷ್ಟರಿಂದಲೇ ಗೊಂದಲ ತೀರದು. ಇದೇ ಸೀಮೆಯಲ್ಲಿ ‘ಗುತ್ತಿಗೆ’ ಎಂಬ ಪದ ಎಷ್ಟು ಕಡೆ ದುಡಿಯುತ್ತಿದೆ ನೋಡಿ. ಹೊಲ ಗುತ್ತಿಗೆಗೆ ಹೋಗುತ್ತದೆ, ಸುಗ್ಗಿಯಾದ ಮೇಲೆ ಹೊಲ ಹೊಲವಾಗಿಯೇ ಮರಳುತ್ತದೆ. ಸಂಡೂರಿನ ಗುಡ್ಡವೂ ಗುತ್ತಿಗೆಗೆ ಹೋಗುತ್ತದೆ, ಅಲ್ಲಿಂದ ಲಾರಿಯಲ್ಲಿ ಹೋದ ಅದಿರು ಮಾತ್ರ ಮರಳುವುದಿಲ್ಲ. ಹಾಗಿದ್ದೂ ಗಣಿ ಗುತ್ತಿಗೆ 105ನೇ ಕಲಮಿನ ಲೀಸೇ, ಅದಿರು ತೆಗೆಯುವುದೂ ಒಂದು ಬಗೆಯ ಅನುಭೋಗವೇ ಎಂದು ಸುಪ್ರೀಂ ಕೋರ್ಟ್ 1979ರಲ್ಲಿ ಹೇಳಿತು. (ಗುಡ್ಡಕ್ಕೆ ಈ ತರ್ಕ ಒಪ್ಪಿಗೆಯೇ ಎಂದು ಕೇಳಿದವರಿಲ್ಲ.) ಇನ್ನು ಕಾರ್ಖಾನೆಯ ಗೇಟಿನಲ್ಲಿ ಪಾಸು ತೋರಿಸಿ ಒಳಹೋಗುವ ಗುತ್ತಿಗೆ ಕಾರ್ಮಿಕನಿಗೆ ಲೀಸಿನ ಕಾನೂನು ತಾಗುವುದೇ ಇಲ್ಲ. ಅವನದು ಕಾರ್ಮಿಕ ಕಾನೂನಿನ ಲೋಕ: ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು ಎಂದು 1970ರ ಕಾಯ್ದೆ ವಿಧಿಸಿತ್ತು. ಪೇಟೆಯಲ್ಲಿ ಒಂದಿಷ್ಟು ಲಕ್ಷ ಇಡುಗಂಟು ಕೊಟ್ಟು, ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಗಂಟು ವಾಪಸ್ ಪಡೆಯುವ ಮನೆಯನ್ನೂ ನಾವು ಲೀಸ್ ಎನ್ನುತ್ತೇವೆ. ಹಿರಿಯರು ಅದಕ್ಕೆ ಭೋಗ್ಯ ಎನ್ನುತ್ತಿದ್ದರು. ಕಾನೂನಿನ ಲೆಕ್ಕದಲ್ಲಿ ಅದು ಅಡಮಾನಕ್ಕೇ ಹತ್ತಿರ.

ಹಾಗಾದರೆ ಹೆಸರಿಗೆ ಬೆಲೆಯೇ ಇಲ್ಲವೇ? ನ್ಯಾಯಾಲಯದಲ್ಲಿ ತೀರಾ ಕಡಿಮೆ. ಪತ್ರದ ತಲೆಬರಹ ಲೀಸ್ ಎಂದಿರಲಿ, ಲೈಸೆನ್ಸ್ ಎಂದಿರಲಿ, ಒಳಗೆ ಯಾವ ಹಕ್ಕು ದಾಟಿದೆ ಎಂಬುದನ್ನೇ ನೋಡಬೇಕು ಎಂದು ಸುಪ್ರೀಂ ಕೋರ್ಟ್ 1959ರಲ್ಲೇ ಒಂದು ಹೋಟೆಲಿನ ಪ್ರಕರಣದಲ್ಲಿ ತೀರ್ಮಾನಿಸಿದೆ. ಜಿಪಿಎ ಬರೆಸಿಕೊಂಡು ಜಮೀನು ಕೊಂಡೆವೆಂದು ನಂಬಿದವರಿಗೆ 2011ರ ತೀರ್ಪು ಅದೇ ಪಾಠ ಹೇಳಿತು: ನೋಂದಾಯಿತ ಕ್ರಯಪತ್ರವಿಲ್ಲದೆ ಮಾಲೀಕತ್ವ ದಾಟದು. ಕಂದಾಯ ದಾಖಲೆಯಲ್ಲೂ ಈ ಅಂತರ ಕಣ್ಣಿಗೆ ಬೀಳುತ್ತದೆ. ಪಹಣಿಯ 9ನೇ ಕಾಲಂ ಮಾಲೀಕನ ಹೆಸರಿಗೆ, 11ನೇ ಕಾಲಂ ಇತರ ಹಕ್ಕು ಮತ್ತು ಋಣಗಳಿಗೆ. ಜಮೀನನ್ನು ಲೀಸ್‌ಗೆ ಕೊಡುವ ರೈತ, ಮಧ್ಯವರ್ತಿ ತಂದ ಕಾಗದದ ದೊಡ್ಡಕ್ಷರ ಬಿಟ್ಟು ಮೊದಲು ಕೇಳಬೇಕಾದದ್ದು ಇಷ್ಟು: ಅವಧಿ ಮುಗಿದ ದಿನ 9ನೇ ಕಾಲಂನಲ್ಲಿ ಯಾರ ಹೆಸರಿರುತ್ತದೆ, ಹಾಗೆಂದು ಈ ಪತ್ರದ ಎಷ್ಟನೇ ಷರತ್ತಿನಲ್ಲಿ ಬರೆದಿದೆ?