ರೇಡಿಯೇಟರ್ ಫ್ಯಾನ್ ತಿರುಗದಿದ್ದಾಗ: ಮಾಲೀಕರು ಅರಿತಿರಬೇಕಾದ ಪರಿಶೀಲನಾ ಕ್ರಮ

ಸಣ್ಣ ಉದ್ದಿಮೆದಾರರ ಲೆಕ್ಕಪತ್ರಗಳಲ್ಲಿ 'ವಾಹನ ದುರಸ್ತಿ' ಎಂಬ ಶೀರ್ಷಿಕೆಯಡಿ ಬರುವ ಮೊತ್ತವನ್ನು ಮಾಲೀಕರು ಪ್ರಶ್ನಿಸುವುದು ಅಪರೂಪ. ಕಳೆದ ವರ್ಷ ನನ್ನ ಕಕ್ಷಿದಾರರೊಬ್ಬರ ಪುಸ್ತಕಗಳನ್ನು ಪರಿಶೀಲಿಸುವಾಗ ಈ ಶೀರ್ಷಿಕೆಯ ಒಂದು ಬಿಲ್ಲು ನನ್ನ ಗಮನ ಸೆಳೆಯಿತು. ಹುಬ್ಬಳ್ಳಿಯಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಅವರು ಹೊಸ ಗ್ರಾಹಕರಿಗೆ ಮಾದರಿಯೊಂದನ್ನು ತಲುಪಿಸಲು ಕಾರಿನಲ್ಲಿ ಹೊರಟಿದ್ದರು. ಸಂಚಾರ ದಟ್ಟಣೆಯಲ್ಲಿ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿದರೂ 'ಇನ್ನೆರಡು ಕಿಲೋಮೀಟರು ತಾನೆ' ಎಂದು ಮುಂದುವರಿದರು. ಗ್ಯಾಸ್ಕೆಟ್ ಸುಟ್ಟು, ಸಿಲಿಂಡರ್ ಹೆಡ್ ಬಾಗಿತು. ಕಾರು ಹತ್ತು ದಿನ ಗ್ಯಾರೇಜಿನಲ್ಲಿ ನಿಂತಿತು. ಆರ್ಡರು ಬೇರೆಯವರ ಪಾಲಾಯಿತು. ಇಷ್ಟಕ್ಕೂ ಮೂಲ ದೋಷವೆಂದರೆ ಫ್ಯಾನಿನ ಸುಟ್ಟ ಫ್ಯೂಸ್.

ದೋಷದ ಲಕ್ಷಣ

ಇಂದಿನ ಬಹುತೇಕ ಕಾರುಗಳಲ್ಲಿ ರೇಡಿಯೇಟರ್ ಫ್ಯಾನು ವಿದ್ಯುತ್ ಮೋಟಾರಿನಿಂದ ತಿರುಗುತ್ತದೆ. ಕೂಲೆಂಟಿನ ಉಷ್ಣತೆ ಸುಮಾರು 95ರಿಂದ 100 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಸೆನ್ಸರಿನ ಸೂಚನೆಯಂತೆ ರಿಲೇ ಮೂಲಕ ಮೋಟಾರಿಗೆ ವಿದ್ಯುತ್ ಹರಿಯುತ್ತದೆ. ಹೆದ್ದಾರಿಯಲ್ಲಿ ಎದುರುಗಾಳಿಯೇ ರೇಡಿಯೇಟರನ್ನು ತಂಪಾಗಿಸುವುದರಿಂದ ಫ್ಯಾನು ಕೆಟ್ಟಿರುವುದು ತಿಳಿಯದು. ಸಿಗ್ನಲ್ಲಿನಲ್ಲಿ ನಿಂತಾಗ ಮುಳ್ಳು ಏರುವುದು ಇದರ ಮುಖ್ಯ ಲಕ್ಷಣ.

ಮುಳ್ಳು ಕೆಂಪಿಗೆ ಬಂದೊಡನೆ ವಾಹನವನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸತಕ್ಕದ್ದು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಕೂಡದು. ಒತ್ತಡದಲ್ಲಿರುವ ಕೂಲೆಂಟ್ ಚಿಮ್ಮಿ ಮೈ ಸುಡುತ್ತದೆ. ಎಂಜಿನ್ ಆರಿಸಿದ ಮೇಲೂ ಫ್ಯಾನು ಹಠಾತ್ತನೆ ತಿರುಗಬಹುದಾದ್ದರಿಂದ ಅದರ ಬಳಿ ಕೈಯಿಡಬಾರದು.

ಪರಿಶೀಲನೆಯ ಕ್ರಮ

ಎಂಜಿನ್ ಪೂರ್ತಿ ತಣಿದ ಬಳಿಕ ಈ ಅನುಕ್ರಮ ಪಾಲಿಸುವುದು ಒಳಿತು.

1. ಕೂಲೆಂಟಿನ ಮಟ್ಟ: ಇದು ಕಡಿಮೆಯಾದರೆ ಸೆನ್ಸರಿಗೆ ದ್ರವ ತಾಗದೆ ಸೂಚನೆಯೇ ಹೋಗದಿರಬಹುದು. ಸೋರಿಕೆಯನ್ನೂ ಗಮನಿಸಬೇಕು.

2. ಎ.ಸಿ. ಪರೀಕ್ಷೆ: ಒಂದೇ ಫ್ಯಾನಿರುವ ಕಾರಿನಲ್ಲಿ ಎ.ಸಿ. ಹಾಕಿದಾಗ ಸಾಮಾನ್ಯವಾಗಿ ಅದು ತಿರುಗುತ್ತದೆ. ತಿರುಗಿದರೆ ಮೋಟಾರು ಸರಿಯಿದೆ. ಸಂಶಯ ಸೆನ್ಸರ್ ಹಾಗೂ ಅದರ ತಂತಿಗಳ ಮೇಲೆ.

3. ಫ್ಯೂಸ್ ಮತ್ತು ರಿಲೇ: ಅದೇ ಆಂಪಿಯರಿನ ಫ್ಯೂಸನ್ನೇ ಹಾಕಬೇಕು. ತಂತಿ ಸುತ್ತಿದರೆ ಬೆಂಕಿಗೆ ಆಹ್ವಾನ. ಹೊಸ ಫ್ಯೂಸೂ ಸುಟ್ಟರೆ ಮೋಟಾರು ಬಿಗಿದಿರಬಹುದು ಅಥವಾ ತಂತಿ ಶಾರ್ಟ್ ಆಗಿರಬಹುದು. ಪೆಟ್ಟಿಗೆಯಲ್ಲಿ ಅದೇ ಸಂಖ್ಯೆಯ ಮತ್ತೊಂದು ರಿಲೇ ಇದ್ದರೆ ಅದಲುಬದಲು ಮಾಡಿ ನೋಡಬಹುದು.

4. ಮೋಟಾರು: ಇದನ್ನು ಮೆಕ್ಯಾನಿಕ್‌ಗೇ ಬಿಡಬೇಕು. ಅವರು 12 ವೋಲ್ಟಿನ ಬ್ಯಾಟರಿಯಿಂದ ನೇರ ವಿದ್ಯುತ್ ಕೊಟ್ಟಾಗಲೂ ತಿರುಗದಿದ್ದರೆ ಮಾತ್ರ ಮೋಟಾರು ಬದಲಿಸುವ ಮಾತು.

ಲೆಕ್ಕ ಪರಿಶೋಧನೆಯಲ್ಲಿ ತಾಳೆಪಟ್ಟಿ ಹೊಂದದಿದ್ದರೆ ಎಲ್ಲ ಪುಸ್ತಕಗಳನ್ನೂ ಹೊಸದಾಗಿ ಬರೆಯುವುದಿಲ್ಲ; ಒಂದೊಂದೇ ನಮೂದನ್ನು ಪರಿಶೀಲಿಸುತ್ತೇವೆ. ಗ್ಯಾರೇಜಿನಲ್ಲೂ ಇದೇ ನಿಯಮ. 'ಯಾವ ಪರೀಕ್ಷೆಯಿಂದ ಈ ಭಾಗ ಕೆಟ್ಟಿದೆಯೆಂದು ತಿಳಿಯಿತು?' ಎಂದು ಕೇಳುವುದು ಹಾಗೂ ಬದಲಿಸಿದ ಹಳೆಯ ಭಾಗವನ್ನು ನೋಡುವುದು ಮಾಲೀಕರ ಹಕ್ಕು.

ಖರ್ಚಿನ ಹೊರೆ ಯಾರ ಮೇಲೆ?

ಸಾಮಾನ್ಯ ವಾಹನ ವಿಮೆಯು ಯಾಂತ್ರಿಕ ಹಾಗೂ ವಿದ್ಯುತ್ ದೋಷಗಳ ನಷ್ಟವನ್ನು ಭರಿಸುವುದಿಲ್ಲ. ಉದ್ದಿಮೆಯ ಸ್ವಂತ ಬಳಕೆಯ ಕಾರಿನ ದುರಸ್ತಿಗೆ ತೆತ್ತ ಜಿ.ಎಸ್.ಟಿ.ಯ ಹೂಡುವಳಿ ತೆರಿಗೆ ಜಮೆಯೂ ಸಾಮಾನ್ಯವಾಗಿ ದೊರೆಯದು. ಸರಕು ಸಾಗಣೆ ವಾಹನಕ್ಕೆ ಆ ನಿರ್ಬಂಧವಿಲ್ಲ. ಹೀಗಾಗಿ ಸುಟ್ಟ ಎಂಜಿನ್ನಿನ ಖರ್ಚು ಬಹುಮಟ್ಟಿಗೆ ಮಾಲೀಕರದೇ.

ಬೇಸಿಗೆಗೆ ಮುನ್ನ ಒಮ್ಮೆ ಎ.ಸಿ. ಹಾಕಿ, ಬಾನೆಟ್ ಎತ್ತಿ, ಫ್ಯಾನು ತಿರುಗುವುದೇ ಎಂದು ದೂರದಿಂದಲೇ ನೋಡಲು ಎರಡು ನಿಮಿಷ ಸಾಕು. ಚಾಲಕರಿಗೂ ಒಂದು ಮಾತು ಸ್ಪಷ್ಟವಾಗಿ ತಿಳಿಸಿರಬೇಕು: ಮುಳ್ಳು ಕೆಂಪಿಗೆ ಬಂದರೆ ಸರಕು ತಡವಾದರೂ ಸರಿ, ವಾಹನ ನಿಲ್ಲಿಸಿ. ಆ ತಡಕ್ಕಾಗಿ ಅವರನ್ನು ಗದರದಿರುವುದು ಮಾಲೀಕರ ಕರ್ತವ್ಯ.